ರಾಯಭಾರ ಕಚೇರಿಯ ಮುಂದೆ ಗೂಡಿನ ಹಾರ

ನಮ್ಮ ಕಡೆ ದೊಡ್ಡವರು ಯಾರಾದರೂ ಬಂದರೆ ಹೂವಿನ ಹಾರದಲ್ಲಿ ಮುಗಿಸುವುದಿಲ್ಲ, ರೇಷ್ಮೆಗೂಡಿನ ಹಾರ ಹಾಕುತ್ತೇವೆ. ಶಿಡ್ಲಘಟ್ಟದಲ್ಲಿ ಶಾಲೆಯ ವಾರ್ಷಿಕೋತ್ಸವವಾಗಲಿ, ನಿವೃತ್ತರಾದ ಮೇಷ್ಟ್ರ ಸನ್ಮಾನವಾಗಲಿ, ಶಾಲು ಮತ್ತು ಹಣ್ಣಿನ ಬುಟ್ಟಿಯ ಜೊತೆಗೆ ಬಿಳಿ ಗೂಡುಗಳನ್ನು ಪೋಣಿಸಿ ನಡುನಡುವೆ ಜರಿ ಸುತ್ತಿದ ಹಾರವೊಂದು ಇರಲೇಬೇಕು. ಹೂವಿನದು ಸಂಜೆಗೆ ಬಾಡುತ್ತದೆ. ಇದು ಷೋಕೇಸಿನಲ್ಲಿ ಹತ್ತು ವರ್ಷ ಇರುತ್ತದೆ. ಹಾಕಿಸಿಕೊಂಡವರು ಹೊರಗಿನವರಾದರೆ ಗೂಡನ್ನು ಬೆರಳಲ್ಲಿ ಒತ್ತಿ ನೋಡಿ, "ಇದು ನಿಜವಾದದ್ದಾ?" ಎಂದು ಕೇಳುತ್ತಾರೆ. ನಾವು ಜಂಬದಿಂದ ಹೌದು ಎನ್ನುತ್ತೇವೆ. ಒಳಗಿದ್ದ ಹುಳು ಏನಾಯಿತು ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಹಾಗೆ ಕೇಳಿದವರು ನನಗೆ ಸಿಕ್ಕಿದ್ದು ಸಮುದ್ರದ ಆಚೆ, ಒಂದು ಚಳಿ ಊರಿನ ರಸ್ತೆ ಬದಿಯಲ್ಲಿ. ಅವತ್ತು ನಾನು ಕೊಟ್ಟ ಉತ್ತರವನ್ನು ವಾಪಸ್ ತೆಗೆದುಕೊಳ್ಳುವ ಹಾಗಿದ್ದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ನಮ್ಮೂರು ಚಿಂತಾಮಣಿ ತಾಲ್ಲೂಕಿನಲ್ಲಿ, ಕೆಂಚಾರ್ಲಹಳ್ಳಿಯಿಂದ ನಡೆದು ಹೋಗುವಷ್ಟು ದೂರ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲಿ ಹುಳು ಮನೆ. ಪಹಣಿಯಲ್ಲಿ ಅಪ್ಪನ ಹೆಸರಿದೆ, ಹುಳು ಮನೆಯಲ್ಲಿ ಮಾತ್ರ ಅಮ್ಮ ಹೇಳಿದ್ದೇ ನಡೆಯುವುದು. ಹುಳು ಮೇವು ಬಿಟ್ಟು, ಅಲುಗಾಡದೆ ಕೂತು, ಹಳೆಯ ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರ ದಾಟಿದ ಹುಳು ಹಣ್ಣಾಗಿ ಗೂಡು ಕಟ್ಟುತ್ತದೆ. ಹುಳು ಜ್ವರಕ್ಕೆ ಕೂತ ದಿನ ಅಮ್ಮ ಆ ಮನೆಯೊಳಗೆ ಯಾರನ್ನೂ ಜೋರಾಗಿ ಮಾತಾಡಲು ಬಿಡುತ್ತಿರಲಿಲ್ಲ. ಒಗ್ಗರಣೆಯ ಘಾಟು ಆ ಕಡೆ ಹೋಗಬಾರದೆಂದು ಅಡುಗೆ ಮನೆಯ ಬಾಗಿಲು ಮುಚ್ಚುತ್ತಿದ್ದಳು. ನನಗೂ ಅಣ್ಣನಿಗೂ ನಿಜವಾದ ಜ್ವರ ಬಂದಾಗ ಇಷ್ಟು ಉಪಚಾರ ನಡೆದದ್ದು ನನಗೆ ನೆನಪಿಲ್ಲ.

ನನಗೆ ಹತ್ತು ವರ್ಷವಿದ್ದಾಗ ಅಪ್ಪ ಮೊದಲ ಸಲ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಕರೆದುಕೊಂಡು ಹೋದರು. ನಮ್ಮ ಗೂಡನ್ನು ಜಾಲರಿಯ ತೊಟ್ಟಿಗೆ ಸುರಿದಿದ್ದರು. ಕೊಳ್ಳುವವರು ಬಂದು ಒಂದು ಹಿಡಿ ಎತ್ತಿಕೊಂಡು, ಅದರಲ್ಲೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಅದೇನು ಎಂದು ಕೇಳಿದ್ದಕ್ಕೆ ಅಪ್ಪ ನನ್ನ ಕಿವಿಯ ಹತ್ತಿರವೂ ಒಂದನ್ನು ಹಿಡಿದು ಅಲ್ಲಾಡಿಸಿದರು. ಒಳಗೆ ಏನೋ ಲೊಟಲೊಟ ಎಂದಿತು.

"ಕೇಳಿಸ್ತಾ? ಒಳಗೆ ಹುಳ ಐತೆ. ಹಿಂಗೆ ಸದ್ದು ಬಂದ್ರೆ ಗೂಡು ಚೆನ್ನಾಗೈತೆ ಅಂತ," ಎಂದರು.

ಮಾರಾಟ ಮುಗಿದ ಮೇಲೆ, ಗೂಡು ಕೊಂಡ ರೀಲರ್ ಪರಿಚಯದವರೇ ಆದ್ದರಿಂದ, ನೂಲು ತೆಗೆಯುವುದನ್ನು ತೋರಿಸಲು ಅವರ ಮನೆಗೆ ಕರೆದುಕೊಂಡು ಹೋದರು. ಕುದಿಯುವ ನೀರಿನಲ್ಲಿ ಗೂಡುಗಳು ಕುಣಿಯುತ್ತಿದ್ದವು. ಕೂದಲಿಗಿಂತ ಸಣ್ಣ ಎಳೆ ಮೇಲೆದ್ದು ರಾಟೆಗೆ ಸುತ್ತಿಕೊಳ್ಳುತ್ತಿತ್ತು. ನೀರಿನ ತಳದಲ್ಲಿ ಕಂದು ಬಣ್ಣದ್ದೇನೋ ರಾಶಿ ಬಿದ್ದಿತ್ತು. ಸ್ವಲ್ಪ ಹೊತ್ತಿನ ಮುಂಚೆ ನನ್ನ ಕಿವಿಯಲ್ಲಿ ಸದ್ದು ಮಾಡಿದ್ದು ಅದೇ ಎಂದು ಗೊತ್ತಾಗಲು ನನಗೆ ಯಾರೂ ಹೇಳಬೇಕಾಗಲಿಲ್ಲ. ಬಸ್ಸಿನಲ್ಲಿ ಊರಿನ ತನಕ ಅತ್ತೆ. ಎರಡು ದಿನ ಅನ್ನ ಮುಟ್ಟಲಿಲ್ಲ. ಅಮ್ಮ ಬೈಯಲಿಲ್ಲ, ಮುದ್ದೂ ಮಾಡಲಿಲ್ಲ. ಮೂರನೆಯ ದಿನ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟು, "ನೀನು ಆ ಮನೆಯೊಳಕ್ಕೆ ಬರಬೇಡ ಬಿಡಮ್ಮ," ಎಂದಳು. ಆಮೇಲೆ ಮನೆಯಲ್ಲಿ ಯಾರೂ ನನಗೆ ಹುಳುವಿನ ಕೆಲಸ ಹೇಳಲಿಲ್ಲ. ಅಣ್ಣ ಸೊಪ್ಪು ಹೊತ್ತ, ತಟ್ಟೆ ತೊಳೆದ. ನಾನು ಅದೇ ಹುಳುಗಳ ಅನ್ನ ತಿಂದುಕೊಂಡು, ಅವುಗಳ ಮನೆಗೆ ಕಾಲಿಡದೆ ಓದಿದೆ. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಚಿಕ್ಕಬಳ್ಳಾಪುರದಲ್ಲಿ ನರ್ಸಿಂಗ್ ಓದಿ, ಅಲ್ಲೇ ಕೆಲವು ವರ್ಷ ಕೆಲಸ ಮಾಡಿ, ಆಮೇಲೆ ಯುರೋಪಿನ ಒಂದು ನಗರದ ವೃದ್ಧಾಶ್ರಮಕ್ಕೆ ನರ್ಸ್ ಆಗಿ ಹೋದೆ. ಇದು ಎರಡು ಸಾವಿರದ ಐದೋ ಆರನೆಯ ಇಸವಿಯೋ ಆದ ಮೇಲಿನ ಮಾತು. ಹೊರಡುವ ದಿನ ಅಮ್ಮ ಹಳೆಯ ಪಂಚೆಯಲ್ಲಿ ಸುತ್ತಿದ ಗಂಟೊಂದನ್ನು ತಂದಳು. ಬಿಚ್ಚಿದರೆ ಗೂಡಿನ ಹಾರ. ಅಂಗಡಿಯದ್ದಲ್ಲ, ಅವಳೇ ಕೂತು ಮಾಡಿದ್ದು. ಎರಡೆರಡು ಗೂಡನ್ನು ತುದಿಗೆ ತುದಿ ಸೇರಿಸಿ, ಸೇರಿದ ಕಡೆಯಲ್ಲೆಲ್ಲ ಜರಿ ಸುತ್ತಿದ್ದಳು.

"ಅಲ್ಲಿ ಯಾರಾದ್ರೂ ದೊಡ್ಡೋರು ನಿಂಗೆ ಒಳ್ಳೇದು ಮಾಡಿದ್ರೆ ಹಾಕು. ಸುಮ್ಮಸುಮ್ನೆ ಹಾಕ್ಬೇಡ," ಎಂದಳು.

ಪೆಟ್ಟಿಗೆಯಲ್ಲಿ ಉಪ್ಪಿನಕಾಯಿ ಡಬ್ಬಿಗೇ ಜಾಗವಿರಲಿಲ್ಲ. ಮುಖ ಸಿಂಡರಿಸಿಕೊಂಡು ಸ್ವೆಟರುಗಳ ನಡುವೆ ತುರುಕಿದೆ. ಎಲ್ಲವನ್ನೂ ತೂಕ ಮಾಡಿ ತುಂಬುತ್ತಿದ್ದ ಅಣ್ಣ, "ಅದಕ್ಕೆ ತೂಕವೇ ಇಲ್ಲ, ಇರ್ಲಿ ಬಿಡು," ಎಂದ.

ವೃದ್ಧಾಶ್ರಮದಲ್ಲಿ ನನ್ನ ಪಾಳಿಯಲ್ಲೇ ಒಬ್ಬ ನರ್ಸ್ ಇದ್ದಳು. ನನ್ನದೇ ವಯಸ್ಸು, ಆ ದೇಶದವಳೇ. ಮೊದಲ ಚಳಿಗಾಲದಲ್ಲಿ ನನ್ನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಾಡಿದ ಒಬ್ಬಳೇ ಒಬ್ಬಳು ಅವಳು. ಮಾಂಸ, ಹಾಲು, ಚರ್ಮ, ಉಣ್ಣೆ ಯಾವುದನ್ನೂ ಮುಟ್ಟುತ್ತಿರಲಿಲ್ಲ. ಹತ್ತು ವರ್ಷಕ್ಕೆ ಅನ್ನ ಬಿಟ್ಟು ಅತ್ತ ಕಥೆಯನ್ನು ಹೇಳಿದಾಗ ಅವಳು ನನ್ನ ಕೈ ಹಿಡಿದುಕೊಂಡು, "ನೀನು ಹುಟ್ಟಿನಿಂದಲೇ ನಮ್ಮವಳು," ಎಂದಳು. ಆ ಮಾತು ನನಗೆ ಎಷ್ಟು ಹಿತವಾಯಿತೆಂದರೆ, ಆ ಕಥೆಯಲ್ಲಿ ಅಮ್ಮನೂ ಇದ್ದಳು, ಮುದ್ದೆ ಮುರಿದು ಬಾಯಿಗಿಟ್ಟವಳು ಅವಳೇ ಎಂಬುದನ್ನು ಹೇಳುವುದಕ್ಕೆ ಹೋಗಲೇ ಇಲ್ಲ.

ಎರಡನೆಯ ವರ್ಷ ಪಕ್ಕದ ದೇಶದಲ್ಲಿ ಪ್ರಾಣಿಗಳ ಪರ ಹೋರಾಡುತ್ತಿದ್ದ ಏಳೆಂಟು ಮಂದಿಯನ್ನು ಪೊಲೀಸರು ಹಿಡಿದರು. ತುಪ್ಪುಳದ ಕೋಟು ಮಾರುವ ಅಂಗಡಿಗಳ ಮುಂದೆ ನಿಂತು ಕೂಗಿದವರು, ಪಂಜರಗಳಲ್ಲಿ ಕೂಡಿಹಾಕಿದ ಪ್ರಾಣಿಗಳ ಚಿತ್ರ ತೆಗೆದವರು. ವಿಚಾರಣೆ ಇಲ್ಲದೆ ವಾರಗಟ್ಟಲೆ ಒಳಗಿಟ್ಟಿದ್ದರು. ಅವರಲ್ಲಿ ಇಬ್ಬರು ನನ್ನ ಗೆಳತಿಗೆ ಗೊತ್ತಿದ್ದವರು. ಆ ದೇಶದ ರಾಯಭಾರ ಕಚೇರಿ ನಮ್ಮ ನಗರದಲ್ಲಿತ್ತು. ಅದರ ಮುಂದೆ ಪ್ರತಿ ಶನಿವಾರ ಮಧ್ಯಾಹ್ನ ಪ್ರತಿಭಟನೆ ಮಾಡುವುದೆಂದು ಅವಳ ಕಡೆಯವರು ತೀರ್ಮಾನಿಸಿದರು. ನನ್ನನ್ನೂ ಕರೆದಳು.

ನಾನು ಹಿಂದೆ ಯಾವ ಪ್ರತಿಭಟನೆಗೂ ಹೋದವಳಲ್ಲ. ಮದುವೆಗೆ ಹೋಗುವವಳ ಹಾಗೆ ಬೆಳಗ್ಗೆಯೇ ತಲೆ ಬಾಚಿಕೊಂಡೆ. ಜೈಲಿನಲ್ಲಿರುವವರ ದೊಡ್ಡ ಫೋಟೋಗಳನ್ನು ಇಡುತ್ತಾರೆ ಎಂದು ಗೆಳತಿ ಹೇಳಿದ್ದಳು. ಪರರಿಗಾಗಿ ಜೈಲಿಗೆ ಹೋದವರು. ಅಂಥವರಿಗೆ ಬರಿಗೈಯಲ್ಲಿ ಹೋಗುವುದು ಹೇಗೆ? ಪೆಟ್ಟಿಗೆಯ ತಳದಿಂದ ಅಮ್ಮನ ಗಂಟನ್ನು ತೆಗೆದೆ. ದೊಡ್ಡವರಿಗೆ ಹಾಕು ಎಂದಿದ್ದಳಲ್ಲ, ಇವರಿಗಿಂತ ದೊಡ್ಡವರು ಇನ್ನೆಲ್ಲಿ ಸಿಗುತ್ತಾರೆ ಎಂದುಕೊಂಡೆ. ಬಸ್ಸಿನಲ್ಲಿ ಕೂತು ಇನ್ನೂ ಒಂದು ಯೋಚನೆ ಮಾಡಿದೆ: ಫೋಟೋಗೆ ಹಾರ ಹಾಕಿದರೆ ತೀರಿಕೊಂಡವರಿಗೆ ಹಾಕಿದ ಹಾಗಾಗುತ್ತದೆ, ಆದ್ದರಿಂದ ಫೋಟೋಗಳ ಮುಂದೆ ಇಟ್ಟು ಕೈ ಮುಗಿಯಬೇಕು. ಅಷ್ಟು ಸೂಕ್ಷ್ಮವಾಗಿ ಯೋಚಿಸಿದವಳಿಗೆ ಪ್ರಾಣಿ ಕೊಲ್ಲಬಾರದೆಂದು ಜೈಲು ಸೇರಿದವರ ಮುಂದೆ ರೇಷ್ಮೆಗೂಡು ಇಡಬಹುದೇ ಎಂಬುದು ಹೊಳೆಯಲಿಲ್ಲ. ಗೂಡಿನ ಹಾರ ನನ್ನ ಕಣ್ಣಿಗೆ ಹಾರವಾಗಿತ್ತು, ಅಷ್ಟೆ. ನಮ್ಮ ಸೀಮೆಯಲ್ಲಿ ಹುಟ್ಟಿದವರು ಬಿಟ್ಟು ಬೇರೆ ಯಾರೂ ಇಂಥ ತಪ್ಪು ಮಾಡಲಾರರು.

ಮೂವತ್ತು ನಲವತ್ತು ಜನ ಸೇರಿದ್ದರು. ಗೇಟಿನಾಚೆ ಇಬ್ಬರು ಪೊಲೀಸರು ಬೇಸರದಿಂದ ನಿಂತಿದ್ದರು. ಪ್ರತಿಭಟನೆಯವರು "ಬಾಯಿಲ್ಲದ ಜೀವಗಳ ಪರವಾಗಿ ನಾವು ಮಾತಾಡುತ್ತೇವೆ" ಎಂಬರ್ಥದ ಫಲಕ ಹಿಡಿದಿದ್ದರು. ನಾನು ಸಾಲಾಗಿಟ್ಟ ಫೋಟೋಗಳ ಮುಂದೆ ಹಾರವನ್ನು ಇಟ್ಟು, ಚಪ್ಪಲಿ ಬಿಟ್ಟು ಕೈ ಮುಗಿದೆ. ಒಬ್ಬ ಹುಡುಗಿ ಬಗ್ಗಿ ನೋಡಿ, ಎಷ್ಟು ಚೆಂದ, ಇದು ಏನು ಎಂದು ಕೇಳಿದಳು.

"ರೇಷ್ಮೆಗೂಡು. ನಮ್ಮೂರಲ್ಲಿ ದೊಡ್ಡವರಿಗೆ ಇದನ್ನು ಹಾಕುತ್ತಾರೆ," ಎಂದೆ.

ಅವಳ ಕೈ ಹಿಂದಕ್ಕೆ ಹೋಯಿತು. ಪಕ್ಕದವರು ತಿರುಗಿದರು. ಅವರ ಪಕ್ಕದವರೂ ತಿರುಗಿದರು. ನನ್ನ ಗೆಳತಿ ಹತ್ತಿರ ಬಂದು ಮೆಲ್ಲಗೆ, "ಒಳಗಿದ್ದ ಜೀವ?" ಎಂದಳು.

ಅವಳ ಮುಖ ನೋಡಿದೆ. ಆ ಊರಿನಲ್ಲಿ ನನಗಿದ್ದ ಒಂದೇ ಮುಖ ಅದು. ಅದು ನನ್ನಿಂದ ದೂರ ಸರಿಯುತ್ತಿತ್ತು. ಗೊತ್ತಾಗದೆ ತಂದೆ, ತಪ್ಪಾಯಿತು ಎಂದಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು. ಅಮ್ಮ ಪ್ರೀತಿಯಿಂದ ಕೊಟ್ಟದ್ದು ಎಂದು ಹೇಳಿದ್ದರೂ ಸಾಕಿತ್ತು. ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ನಾನು ಮಾಡಿದ್ದು ಅದೇ.

"ಇದನ್ನು ಗೌರವಕ್ಕೆಂದು ತಂದಿಲ್ಲ, ಸಾಕ್ಷಿಗೆಂದು ತಂದಿದ್ದೇನೆ," ಎಂದೆ.

ಯಾರೋ ಮೈಕು ಕೈಗೆ ಕೊಟ್ಟರು. ಕೊಟ್ಟದ್ದನ್ನು ತೆಗೆದುಕೊಂಡೆ. ನನ್ನ ಅರೆಬರೆ ಭಾಷೆಯಲ್ಲಿ ಹೇಳಿದೆ: ನಾನು ರೇಷ್ಮೆ ಸೀಮೆಯಿಂದ ಬಂದವಳು. ಅಲ್ಲಿ ಜೀವಂತ ಹುಳುಗಳನ್ನು ಕುದಿಯುವ ನೀರಿಗೆ ಹಾಕುತ್ತಾರೆ. ಇಲ್ಲಿರುವ ಒಂದೊಂದು ಗೂಡೂ ಒಂದೊಂದು ಸಮಾಧಿ. ಇವನ್ನು ಕೊಂದು ಪೋಣಿಸಿದವಳು ನನ್ನ ಸ್ವಂತ ತಾಯಿ. ತಾನೇನು ಮಾಡುತ್ತಿದ್ದೇನೆಂಬುದು ಆ ಪಾಪದ ಹೆಂಗಸಿಗೆ ಗೊತ್ತೂ ಇಲ್ಲ.

ಎಲ್ಲರೂ ಚಪ್ಪಾಳೆ ತಟ್ಟಿದರು. ಗೆಳತಿ ತಬ್ಬಿಕೊಂಡಳು, ಅವಳ ಕಣ್ಣು ಒದ್ದೆಯಾಗಿತ್ತು. ಊರುಗೋಲು ಹಿಡಿದ ಮುದುಕರೊಬ್ಬರು ಕಷ್ಟಪಟ್ಟು ಬಗ್ಗಿ ಹಾರದ ಒಂದು ತುದಿಯನ್ನು ಎತ್ತಿ, ಅಂಗೈಯಲ್ಲಿ ಮೇಲೆ ಕೆಳಗೆ ಮಾಡಿ, "ಎಷ್ಟು ಹಗುರವಾಗಿದೆ," ಎಂದರು. ನಾನು "ಸಾವು ಹಗುರವೇ," ಎಂದೆ. ನನ್ನ ಮಾತಿಗೆ ನನಗೇ ರೋಮಾಂಚನವಾಯಿತು. ಇವತ್ತು ನೆನೆಸಿಕೊಂಡರೆ ನಾಲಿಗೆ ಕಿತ್ತುಕೊಳ್ಳಬೇಕು ಅನ್ನಿಸುತ್ತದೆ.

ಸಂಜೆ ಫಲಕಗಳನ್ನು ಕಟ್ಟಿಡುವಾಗ ಸಂಘಟಕರು ಹಾರವನ್ನು ತಮಗೆ ಕೊಡಬೇಕೆಂದು ಕೇಳಿದರು. ಗಾಜಿನ ಪೆಟ್ಟಿಗೆಯಲ್ಲಿಟ್ಟು, ನಾನು ಹೇಳಿದ್ದನ್ನು ಕೆಳಗೆ ಬರೆದು, ಬೇರೆ ಊರುಗಳ ಪ್ರತಿಭಟನೆಗೂ ಒಯ್ಯುತ್ತಾರಂತೆ. ಕೊಟ್ಟುಬಿಟ್ಟೆ. ಇನ್ನೂ ಎರಡು ಮೂರು ಶನಿವಾರ ಹೋದೆ. ಅವರ ಪತ್ರಿಕೆಯಲ್ಲಿ ಮೈಕು ಹಿಡಿದ ನನ್ನ ಫೋಟೋ ಬಂತು. ಆಮೇಲೆ ನನ್ನ ಪಾಳಿ ಬದಲಾಯಿತು, ಶನಿವಾರ ರಜೆ ಸಿಗಲಿಲ್ಲ. ಗೆಳತಿ ಬೇರೆ ಊರಿಗೆ ಕೆಲಸಕ್ಕೆ ಹೋದಳು.

ಅಮ್ಮ ಫೋನಿನಲ್ಲಿ ಒಂದು ದಿನ, "ಹಾರ ಯಾರಿಗಾದ್ರೂ ಹಾಕಿದ್ಯೇನಮ್ಮ?" ಎಂದು ಕೇಳಿದಳು.

"ಹಾಕಿದೆ. ಇಲ್ಲಿನ ದೊಡ್ಡ ಡಾಕ್ಟರಿಗೆ," ಎಂದೆ. ಅವಳಿಗೆ ಖುಷಿಯಾಗಿ ಪಕ್ಕದಲ್ಲಿದ್ದ ಅಪ್ಪನಿಗೆ ಕೂಗಿ ಹೇಳಿದ್ದು ನನಗೂ ಕೇಳಿಸಿತು.

ಪ್ರತಿಭಟನೆ ನಡೆದು ಒಂದೂವರೆ ವರ್ಷವಾದ ಮೇಲೆ ರಜೆಯಲ್ಲಿ ಊರಿಗೆ ಬಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆದರೆ ನಾನು ಆಡಿದ್ದು ಅಷ್ಟು ದೂರದಲ್ಲಿ, ಇವರಿಗೆ ತಿಳಿಯದ ಭಾಷೆಯಲ್ಲಿ. ಆದ್ದರಿಂದ ಅದು ಇಲ್ಲಿಗೆ ಬಂದು ಮುಟ್ಟುವುದಿಲ್ಲ ಎಂದು ಧೈರ್ಯವಾಗಿದ್ದೆ. ಬಂದ ಸಂಜೆ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆವು. ಅಪ್ಪ ಮಂಚದ ಮೇಲಿದ್ದರು.

"ಆ ಡಾಕ್ಟ್ರು ಹಾರ ಮುಟ್ಟಿ ನೋಡಿದ್ರಾ?" ಎಂದಳು ಅಮ್ಮ.

"ನೋಡಿದ್ರು."

"ಒಳಗೇನೈತೆ ಅಂತ ಕೇಳ್ಲಿಲ್ವಾ?"

ನನ್ನ ಕೈ ನಿಂತಿತು. ಇಲ್ಲ ಎಂದೆ.

"ಕೇಳಿದ್ರೆ ಏನೂ ಇಲ್ಲ ಅಂತ ಹೇಳು. ಖಾಲಿ. ಅಷ್ಟೂ ಚಿಟ್ಟೆ ಬಿಟ್ಟ ಗೂಡು ಅವು." ಕಾಯಿಯಿಂದ ಕಣ್ಣು ತೆಗೆಯದೆ ಹೇಳುತ್ತಾ ಹೋದಳು. "ನೀನು ಚಿಕ್ಕೋಳಿದ್ದಾಗ ಎರಡು ದಿನ ಅನ್ನ ಬಿಟ್ಟಿದ್ದಲ್ಲ. ಅಂಥೋಳ ಕೈಗೆ ಸತ್ತಿರೋದನ್ನ ಹೆಂಗೆ ಕಟ್ಟಿ ಕಳ್ಸೋದು ಅಂತ, ಆ ಬೆಳೇಲಿ ಒಂದಷ್ಟು ಗೂಡು ಮಾರ್ಕೆಟ್ಟಿಗೆ ಹಾಕ್ದೆ ಎತ್ತಿಟ್ಟೆ. ಎಲ್ಲಾ ತೂತು ಮಾಡ್ಕೊಂಡು ಆಚೆಗೆ ಬಂದ್ವು. ತೂತು ಕಾಣಬಾರ್ದು ಅಂತ ಬಾಯಿಗೆ ಬಾಯಿ ಸೇರ್ಸಿ ಜರಿ ಸುತ್ತಿದ್ದು."

"ನಿಮ್ಮಮ್ಮ ಕಳ್ಳತನ ಮಾಡಿದ್ದು ನನ್ ಹತ್ರಾನೇ ಕಣಮ್ಮ," ಎಂದು ಅಪ್ಪ ಮಂಚದಿಂದಲೇ ನಕ್ಕರು. "ಗೂಡು ಕಮ್ಮಿ ಆಯ್ತಲ್ಲ ಅಂದ್ರೆ, ಇಲಿ ತಿಂತು ಅಂದ್ಲು."

"ಚಿಟ್ಟೆಗಳನ್ನ ಏನು ಮಾಡ್ದೆ?" ಎಂದು ಕೇಳಿದೆ.

"ಅವಕ್ಕೆ ಹಾರೋಕೆ ಎಲ್ಲಿ ಬರ್ತೈತೆ? ತೋಟಕ್ಕೆ ತಗೊಂಡೋಗಿ ಗಿಡದ ಮೇಲೆ ಬಿಟ್ಟೆ. ಎರಡು ಮೂರು ದಿನ ಇದ್ವು. ಪಾಪಂ, ನೋರು ಲೇನಿ ಜೀವಾಲು," ಎಂದಳು. ಮನಸ್ಸು ಕರಗಿದಾಗ ಅಮ್ಮನಿಗೆ ತೆಲುಗೇ ಬರುವುದು. ಬಾಯಿಲ್ಲದ ಜೀವಗಳು ಎಂದು ಅದರ ಅರ್ಥ. ಅದೇ ಮಾತನ್ನು ನಾನು ಫಲಕದ ಮೇಲೆ ನೋಡಿದ್ದೆ, ಅದರ ಪಕ್ಕದಲ್ಲೇ ನಿಂತು ಮಾತಾಡಿದ್ದೆ. ಅವತ್ತು ಆ ರಸ್ತೆಯಲ್ಲಿ ಬಾಯಿಲ್ಲದೆ ಇದ್ದವಳು ನನ್ನ ಅಮ್ಮ. ಬಾಯಿ ಇದ್ದಿದ್ದರೆ ಒಂದೇ ಮಾತು ಹೇಳುತ್ತಿದ್ದಳು: ಅಲ್ಲಾಡಿಸಿ ನೋಡಿ.

ನಾನು ಅಲ್ಲಾಡಿಸಿ ನೋಡಲಿಲ್ಲ. ಹತ್ತು ವರ್ಷಕ್ಕೇ ಅಪ್ಪ ಕಿವಿಗೆ ಹಿಡಿದು ಕಲಿಸಿದ್ದರು. ಅಣ್ಣ ತೂಕವೇ ಇಲ್ಲ ಎಂದಿದ್ದ. ಕೊನೆಗೆ ಗೂಡನ್ನೇ ಕಂಡಿರದ ಆ ಮುದುಕರು ಕೂಡ ಹೇಳಿದರು. ನಾನು ಅವರಿಗೂ ಪಾಠ ಹೇಳಿದೆ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಪ್ರಯಾಣದ ಆಯಾಸ ಎಂದು ಅಮ್ಮ ಮಜ್ಜಿಗೆ ಕೊಟ್ಟಳು.

ಹೇಳಬೇಕೋ ಬೇಡವೋ ಎಂದು ಮೂರು ವಾರ ಕಳೆದೆ. ಹೇಳಿದರೆ ನನ್ನ ಭಾರ ಇಳಿದು ಅವಳ ತಲೆಗೇರುತ್ತದೆ. ಹೇಳದಿದ್ದರೆ, ವಿದೇಶದ ಡಾಕ್ಟರ ಕೊರಳಲ್ಲಿ ತನ್ನ ಹಾರವಿದೆ ಎಂದು ಅವಳು ಓಣಿಯಲ್ಲಿ ಹೇಳಿಕೊಂಡು ತಿರುಗುತ್ತಾಳೆ. ಇನ್ನೊಂದು ಹಾರ ಮಾಡಿಕೊಡಲೇ ಎಂದು ಅವಳೇ ಕೇಳಿದ ದಿನ ನನ್ನ ಕೈಲಿ ಆಗಲಿಲ್ಲ. ಹುಳು ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ಹತ್ತು ವರ್ಷದವಳಾಗಿದ್ದಾಗ ಬಿಟ್ಟ ಮನೆ. ನಾಲ್ಕನೆಯ ಜ್ವರ ಎದ್ದ ಹುಳುಗಳು ತಟ್ಟೆಗಳ ತುಂಬ ಸೊಪ್ಪು ತಿನ್ನುತ್ತಿದ್ದವು. ಅಮ್ಮ ಸೊಪ್ಪು ಹರಡುತ್ತಿದ್ದಳು. ನಾನು ಒಳಗೆ ಬಂದದ್ದು ಕಂಡು ಸ್ವಲ್ಪ ಸರಿದು ಜಾಗ ಮಾಡಿದಳು.

ಎಲ್ಲವನ್ನೂ ಹೇಳಿದೆ. ಯಾರು ಜೈಲಿಗೆ ಹೋಗಿದ್ದರು, ಏಕೆ ಹೋಗಿದ್ದರು, ನಾನು ಹಾರವನ್ನು ಎಲ್ಲಿ ಇಟ್ಟೆ, ಮೈಕಿನಲ್ಲಿ ಏನೆಂದೆ, ಅದು ಈಗ ಎಲ್ಲಿರಬಹುದು. ಅವಳ ಕುರಿತು ಹೇಳಿದ ಮಾತನ್ನೂ ಬಿಡದೆ, ಮೆದು ಮಾಡದೆ ಹೇಳಿದೆ. ಅಮ್ಮ ಒಂದು ತಟ್ಟೆ ಮುಗಿಸಿ ಇನ್ನೊಂದಕ್ಕೆ ಹೋದಳು. ನಾನು ಅಳುತ್ತಿದ್ದೆ.

"ಕೊಲ್ಲೋಳು ಅಂದಿದ್ದು ನಿಜಾನೇ ಅಲ್ವಾ. ಅದಕ್ಯಾಕೆ ಅಳ್ತೀಯ," ಎಂದಳು. "ಗೊತ್ತಿಲ್ದೆ ಮಾಡ್ತಾಳೆ ಅಂದ್ಯಲ್ಲ, ಅದು ಸುಳ್ಳು. ಗೊತ್ತಿದ್ದೇ ಮಾಡ್ತೀನಿ ಕಣಮ್ಮ. ಪ್ರತಿ ಬೆಳೇಲೂ ಗೊತ್ತಿರ್ತೈತೆ."

ಅವಳು ಮೇಲಿನ ತಟ್ಟೆ ಎಳೆದು, ತಿಂದು ಬಿಟ್ಟ ಕಡ್ಡಿಗಳನ್ನು ಆರಿಸಿ ತೆಗೆದಳು. ಮತ್ತೆ ಸೊಪ್ಪಿಗೆ ಕೈ ಹಾಕಿದವಳು ಏನೋ ನೆನಪಾದವಳ ಹಾಗೆ ಕೇಳಿದಳು.

"ಜೈಲಲ್ಲಿದ್ರಲ್ಲ ಆ ಮಕ್ಕಳು, ಅವರನ್ನ ಬಿಟ್ರಾ?"

ನನಗೆ ಗೊತ್ತಿರಲಿಲ್ಲ. ಅವರ ಫೋಟೋಗಳ ಮುಂದೆ ಚಪ್ಪಲಿ ಬಿಟ್ಟು ನಿಂತಿದ್ದೆ, ಅವರ ಹೆಸರಿನಲ್ಲಿ ಹೆತ್ತ ತಾಯಿಯನ್ನು ರಸ್ತೆಯಲ್ಲಿ ನಿಲ್ಲಿಸಿದ್ದೆ. ಪಾಳಿ ಬದಲಾದ ಮೇಲೆ ಅವರು ಏನಾದರು ಎಂದು ಯಾರನ್ನೂ ಒಮ್ಮೆಯೂ ಕೇಳಿರಲಿಲ್ಲ.

"ಗೊತ್ತಿಲ್ಲ," ಎಂದೆ.

ಅಮ್ಮನ ಕೈ ಆಗ ನಿಂತಿತು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದಳು.

"ಒಂದೂವರೆ ವರ್ಷ ಆಯ್ತು ಅಂತೀಯ. ಅವರಿಗೂ ಅಮ್ಮ ಇರ್ತಾಳಲ್ಲಮ್ಮ," ಎಂದಳು. ಆಮೇಲೆ ಸೊಪ್ಪಿನ ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು, ಮುಂದಿನ ತಟ್ಟೆ ಎಳೆದಳು.